ಹೋರಿಗಿಂತ ಮೊದಲು ಹಸುವನ್ನು ನೋಡಿ

ದನಗಳ ತಳಿ ಸುಧಾರಣೆ ಎಂದೊಡನೆ ನಮ್ಮ ಬೆಳೆಗಾರ ಬಾಂಧವರ ಗಮನವೆಲ್ಲ ಹೋರಿಯ ಕಡೆಗೆ ಹೋಗುತ್ತದೆ. ಯಾವ ಹೋರಿಯ ವೀರ್ಯ, ಯಾವ ತಳಿ, ಅದರ ತಾಯಿಗೆ ಎಷ್ಟು ಹಾಲು ಎಂದೆಲ್ಲ ವಿಚಾರಿಸುವವರು, ಗಬ್ಬ ಹೊರಬೇಕಾದ ಹಸು ಎಂಥದೆಂದು ಕೇಳಿಕೊಳ್ಳುವುದು ಅಪರೂಪ. ಅಡಿಕೆ ಬೀಜಕ್ಕೆ ಮರ ಆರಿಸುವಾಗ ನಾವು ಹೀಗೆ ಮಾಡುವುದಿಲ್ಲ. ಬೇಗ ಫಸಲಿಗೆ ಬಂದಿತೇ, ಗೆಣ್ಣು ಒತ್ತಾಗಿದೆಯೇ, ಕಾಯಿ ಚೆನ್ನಾಗಿ ಕಚ್ಚುತ್ತದೆಯೇ ಎಂದು ನಾಲ್ಕಾರು ವರ್ಷ ಗಮನಿಸಿ, ಗುರುತು ಹಾಕಿದ ತಾಯಿಮರದ ಕೊನೆಯನ್ನೇ ಇಳಿಸುತ್ತೇವೆ. ಆ ಎಚ್ಚರ ಕೊಟ್ಟಿಗೆಯಲ್ಲೂ ಬೇಕು.

ಇದಕ್ಕೆ ನಮ್ಮ ನಾಡಿನ ಅಮೃತಮಹಲ್ ಹಿಂಡಿನ ಚರಿತ್ರೆಯನ್ನೇ ನೋಡಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಇದು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಇಲಾಖೆ. ಹೈದರಾಲಿ ಈ ದನಗಳನ್ನು ಸೈನ್ಯದ ಸಾಗಾಟಕ್ಕೆ ಹಚ್ಚಿದ. ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆದು ದಿನಗಟ್ಟಲೆ ನಡೆಯುವ ಎತ್ತುಗಳ ಕೀರ್ತಿ ದೂರದವರೆಗೆ ಹಬ್ಬಿತು. ಅವನ್ನು ಈದ ಹಸುಗಳನ್ನು ಹೊಗಳಿದವರು ಕಡಿಮೆ. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಯ ಕಾವಲುಗಳಲ್ಲಿ ಅವು ಅರೆಕಾಡಿನ ಮೃಗಗಳಂತೆ ಮೇಯುತ್ತಿದ್ದವು. ಎತ್ತುಗಳಿಗಾಗಿಯೇ ಹಿಂಡು ಸಾಕಿದ ಕಾಲದಲ್ಲಿ ಹಾಲನ್ನು ಕರೆಯದೆ ಕರುವಿಗೇ ಬಿಡುತ್ತಿದ್ದರು. ಎತ್ತಿನ ಎಲುಬಿನ ಗಟ್ಟಿತನ ಅಲ್ಲಿಂದಲೇ ಆರಂಭವಾಗುತ್ತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಪಾಲಾಯಿತು. 1860ರಲ್ಲಿ ಅವರು ಖರ್ಚು ಉಳಿಸಲೆಂದು ಅದನ್ನು ಮಾರಿಹಾಕಿದರು. ಕಾಗದದ ಮೇಲೆ ಉಳಿತಾಯವೇನೋ ಕಂಡಿರಬೇಕು. ಆದರೆ ಸೈನ್ಯಕ್ಕೆ ತಕ್ಕ ಎತ್ತುಗಳು ಬೇಕಾದಾಗ ಪೇಟೆಯಲ್ಲಿ ಸಿಗಲಿಲ್ಲ. 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರದು.

ಮಾರಿದ ಹಿಂಡನ್ನು ಮತ್ತೆ ಕಟ್ಟುವುದು ಯಾಕೆ ಕಷ್ಟವೆಂದು ಸ್ವಲ್ಪ ಲೆಕ್ಕ ಹಾಕಿ. ನಾಡ ಕಡಸು ಮೊದಲ ಕರು ಹಾಕುವ ಹೊತ್ತಿಗೆ ಸುಮಾರು ನಾಲ್ಕು ವರ್ಷ. ಆಮೇಲೆ ಒಂದೂವರೆ ವರ್ಷಕ್ಕೊಂದು ಸೂಲು ಎಂದರೆ ಆಯುಷ್ಯದಲ್ಲಿ ಆರೋ ಏಳೋ ಕರು. ಅದರಲ್ಲಿ ಹೆಣ್ಣು ಮೂರು. ಒಂದು ಸತ್ತರೆ ಉಳಿದದ್ದು ಎರಡು. ಒಂದು ಒಳ್ಳೆಯ ಹೋರಿಯ ವೀರ್ಯವನ್ನು ಸಾವಿರಾರು ಹಸುಗಳಿಗೆ ಹಂಚಬಹುದು. ಒಳ್ಳೆಯ ಹಸುವನ್ನು ಹಾಗೆ ಹಂಚಲಾಗದು. ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತದೆ, ನಿಜ. ಅದರಿಂದ ಹೆಣ್ಣು ಕರುಗಳ ಸಂಖ್ಯೆ ಹೆಚ್ಚೀತು, ಬಡಕಲು ತಾಯಿಯ ದೋಷ ನೀಗದು. ಕರುವಿನ ಅರ್ಧ ಗುಣ ತಾಯಿಯದು. ಅದರ ಮೇಲೆ ಒಂಬತ್ತು ತಿಂಗಳ ಗರ್ಭ, ಗಿಣ್ಣು, ಮೊಲೆಹಾಲು ಎಲ್ಲವೂ ಅವಳದೇ.

ಮಲೆನಾಡು ಗಿಡ್ಡಕ್ಕೆ 2012ರಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ದೊರೆತದ್ದು ನಮಗೆಲ್ಲ ಸಂತೋಷವೇ. ಆದರೆ ಕೊಟ್ಟಿಗೆಗಳಲ್ಲಿ ನಡೆಯುವುದು ಬೇರೆ. ಕೈಯಲ್ಲಿ ಹಣವಿಲ್ಲದಾಗ ಮೊದಲು ಹೊರಗೆ ಹೋಗುವುದು ಮೈತುಂಬಿದ ಕಡಸು, ಏಕೆಂದರೆ ಅದಕ್ಕೇ ಗಿರಾಕಿ. ಎರಡು ವರ್ಷಕ್ಕೊಮ್ಮೆ ಈಯುವ ಹಸು ಯಾರಿಗೂ ಬೇಡವಾದ್ದರಿಂದ ಉಳಿಯುತ್ತದೆ, ಮುಂದಿನ ಸಂತಾನ ಅದರದೇ! ಉಳಿದ ಒಳ್ಳೆಯ ಗಿಡ್ಡಗಳಿಗೂ ಜರ್ಸಿ ಸೂಜಿಯನ್ನೇ ಹಾಕಿಸುತ್ತ ಹೋದರೆ ಶುದ್ಧ ತಾಯಿ ಎಲ್ಲಿ ಸಿಕ್ಕೀತು? ಹಾಲಿಗೆಂದು ಮಿಶ್ರತಳಿ ಸಾಕುವವರನ್ನು ನಾವು ಆಕ್ಷೇಪಿಸುತ್ತಿಲ್ಲ. ಮನೆಗೊಂದಾದರೂ ಗಿಡ್ಡ ಹಸುವಿಗೆ ಗಿಡ್ಡ ಹೋರಿಯೇ ಆಗಲಿ ಎನ್ನುತ್ತೇವೆ.

ಆರಿಸುವಾಗ ಬಣ್ಣಕ್ಕೆ, ಕೊಂಬಿನ ಚಂದಕ್ಕೆ ಮರುಳಾಗಬಾರದು. ತಪ್ಪದೆ ಬೆದೆಗೆ ಬರುತ್ತದೆಯೇ, ಕಷ್ಟವಿಲ್ಲದೆ ಈಯುತ್ತದೆಯೇ, ಕರುವನ್ನು ಬದುಕಿಸಿಕೊಳ್ಳುತ್ತದೆಯೇ ಎಂಬುದೇ ಮುಖ್ಯ. ಮಳೆಗಾಲದ ಕೆಸರಿನಲ್ಲಿ ಗೊರಸು ತಡೆಯಬೇಕು, ನಾಲ್ಕು ಮೊಲೆಯೂ ಸರಿಯಿರಬೇಕು. ಕಡಸಾದರೆ ತಾಯಿಯನ್ನೂ ಅಜ್ಜಿಯನ್ನೂ ವಿಚಾರಿಸಿ. ಇದಕ್ಕೆಲ್ಲ ಬೆದೆ, ಗಬ್ಬ, ಸೂಲುಗಳ ತಾರೀಕು ಬರೆದಿಟ್ಟ ಪುಸ್ತಕ ಬೇಕು. ಕೂಲಿ ಲೆಕ್ಕದ ಪುಸ್ತಕದ ಕೊನೆಯ ನಾಲ್ಕು ಹಾಳೆ ಸಾಕು.

ಒಳ್ಳೆಯ ಗಿಡ್ಡ ಕಡಸನ್ನು ಮಾರಲೇಬೇಕಾದ ಸದಸ್ಯರು, ದಲ್ಲಾಳಿಗೆ ಹೇಳುವ ಮೊದಲು ಸಂಘದ ಕಚೇರಿಗೆ ಒಂದು ಮಾತು ತಿಳಿಸಬೇಕೆಂದು ಕೋರುತ್ತೇವೆ. ತಾಯಿಯ ಸೂಲಿನ ವಿವರದೊಡನೆ ಅದನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಸಾಕುವ ಮನಸ್ಸಿನ ಬೇರೆ ಸದಸ್ಯರು ಕೊಳ್ಳಬಹುದು.