ಎಚ್.ಐ.ವಿ. ಸೋಂಕು ಮತ್ತು ಯಕೃತ್ತಿನ ಆರೈಕೆ

ಎಚ್.ಐ.ವಿ. ಸೋಂಕಿದ್ದವರು ಮಾತ್ರೆಗಳನ್ನು ಕ್ರಮವಾಗಿ ಸೇವಿಸಿದರೆ ಎಲ್ಲರಂತೆ ದೀರ್ಘಕಾಲ ಬಾಳಬಹುದು. ನಮ್ಮ ದೇಶದಲ್ಲಿ 2004ರಿಂದ ಎ.ಆರ್.ಟಿ. ಎಂಬ ಈ ಚಿಕಿತ್ಸೆ ಸರ್ಕಾರದಿಂದ ಉಚಿತವಾಗಿ ದೊರೆಯುತ್ತಿದೆ. ಆದರೆ ಇಂಥವರು ತಮ್ಮ ಯಕೃತ್ತಿನ, ಅಂದರೆ ಲಿವರ್‌ನ ಬಗ್ಗೆಯೂ ಎಚ್ಚರ ವಹಿಸಬೇಕು.

ಕಾರಣವೇನು?

ಎಚ್.ಐ.ವಿ.ಯಂತೆಯೇ ಹೆಪಟೈಟಿಸ್ 'ಬಿ' ವೈರಸ್ ಕೂಡ ರಕ್ತ, ಲೈಂಗಿಕ ಸಂಪರ್ಕ ಹಾಗೂ ತಾಯಿಯಿಂದ ಮಗುವಿಗೆ ಹರಡುತ್ತದೆ. ಆದ್ದರಿಂದ ಒಬ್ಬರಲ್ಲೇ ಎರಡೂ ಇರುವುದುಂಟು. ಆಗ ಯಕೃತ್ತು ಬೇಗ ಗಟ್ಟಿಯಾಗಿ ಸಿರೋಸಿಸ್ ಬರುವ, ಕ್ಯಾನ್ಸರ್ ತಗಲುವ ಸಂಭವ ಹೆಚ್ಚು. ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣಿಸದಿರಬಹುದು.

ಎ.ಆರ್.ಟಿ. ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೊಡುವ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳಿವೆ. ಮೊದಲ ಎರಡು ಹೆಪಟೈಟಿಸ್ 'ಬಿ'ಯನ್ನೂ ಹತೋಟಿಯಲ್ಲಿಡುತ್ತವೆ. "ಈಗ ಆರೋಗ್ಯವಾಗಿದ್ದೇನಲ್ಲ" ಎಂದೋ, ನೆಂಟರ ಮನೆಯಲ್ಲಿ ಯಾರಾದರೂ ನೋಡಿಯಾರೆಂದೋ ಮಾತ್ರೆ ಬಿಟ್ಟರೆ, ಅಡಗಿದ್ದ ವೈರಸ್ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕೆರಳಬಹುದು. ತೀವ್ರ ಕಾಮಾಲೆಯಾಗಿ ಪ್ರಾಣಕ್ಕೇ ಅಪಾಯ ಬರಬಹುದು.

ಕಣ್ಣು ಹಳದಿಯಾದರೆ?

ನಮ್ಮಲ್ಲಿ ಕಾಮಾಲೆ ಎಂದೊಡನೆ ನಾಟಿ ಔಷಧಿಗೆ ಓಡುವುದು ರೂಢಿ. "ಇಂಗ್ಲಿಷ್ ಔಷಧಿ ನಿಲ್ಲಿಸಿ" ಎಂಬ ಪಥ್ಯವನ್ನೂ ಕೆಲವರು ಹೇಳುತ್ತಾರೆ. ಎಚ್.ಐ.ವಿ. ಇದ್ದವರಿಗೆ ಈ ಪಥ್ಯ ಬಹಳ ಅಪಾಯಕಾರಿ. ಕಣ್ಣು ಅಥವಾ ಮೂತ್ರ ಹಳದಿಯಾದರೆ, ವಾಂತಿ, ವಿಪರೀತ ಸುಸ್ತು ಕಂಡರೆ ಅಂದೇ ವೈದ್ಯರನ್ನು ಕಾಣಿರಿ. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ಮುಚ್ಚಿಡದೆ ತಿಳಿಸಿರಿ. ಕ್ಷಯರೋಗದ ಐಸೋನಿಯಾಜಿಡ್‌ನಂಥ ಮಾತ್ರೆಗಳೂ ಕೆಲವೊಮ್ಮೆ ಯಕೃತ್ತಿಗೆ ಹಾನಿ ಮಾಡುತ್ತವೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಪಾಲಿಸಬೇಕಾದ ಕ್ರಮಗಳು

* ಹೆಪಟೈಟಿಸ್ 'ಬಿ' ಮತ್ತು 'ಸಿ' ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.

* 'ಸಿ' ಸೋಂಕಿದ್ದರೆ ಎದೆಗುಂದಬೇಡಿ. ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ಬಹುತೇಕರಲ್ಲಿ ಅದು ಪೂರ್ಣ ಗುಣವಾಗುತ್ತದೆ.

* 'ಬಿ' ಸೋಂಕು ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಿರಿ. ಪತಿ ಅಥವಾ ಪತ್ನಿಗೂ ಪರೀಕ್ಷೆ, ಲಸಿಕೆ ಅಗತ್ಯ. ನವಜಾತ ಶಿಶುವಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು.

* ಮದ್ಯಪಾನ ಸಂಪೂರ್ಣ ವರ್ಜ್ಯ.

* ರೇಜರ್, ಬ್ಲೇಡುಗಳನ್ನು ಹಂಚಿಕೊಳ್ಳಬೇಡಿ.

ಮನೆಮಂದಿಗೆ ಒಂದು ಮಾತು. ಜೊತೆಯಲ್ಲಿ ಕುಳಿತು ಉಣ್ಣುವುದರಿಂದ, ಮೈ ಮುಟ್ಟುವುದರಿಂದ ಈ ಸೋಂಕುಗಳು ಹರಡುವುದಿಲ್ಲ. ಮಾತ್ರೆಯನ್ನು ಬಚ್ಚಿಟ್ಟು ನುಂಗಬೇಕಾದ ಪರಿಸ್ಥಿತಿ ಮನೆಯಲ್ಲಿ ಇಲ್ಲದಿದ್ದರೆ, ಅದನ್ನು ಮಧ್ಯದಲ್ಲಿ ಬಿಡುವ ಪ್ರಸಂಗವೂ ಕಡಿಮೆ.