ಕಡಲೂರಿನ ನೆಂಟರ ಮನೆಯಲ್ಲಿ ನಾಲ್ಕು ದಿನ

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಮನೆಮನೆಯಲ್ಲೂ ಏಳುವ ಪ್ರಶ್ನೆ ಒಂದೇ: "ಈ ಸಲ ರಜೆಗೆ ಎಲ್ಲಿಗೆ?" ಹೋಟೆಲು, ಲಾಡ್ಜು ಎಂದರೆ ಪತಿರಾಯರ ಹುಬ್ಬು ಗಂಟಿಕ್ಕುತ್ತದೆ. ಆಗ ನೆನಪಾಗುತ್ತಾರೆ ನೋಡಿ, ಘಟ್ಟದ ಕೆಳಗೆ ಮದುವೆಯಾಗಿ ಹೋದ ಅಕ್ಕನೋ, ಚಿಕ್ಕಮ್ಮನೋ, ನಾದಿನಿಯೋ! ಹೆಂಚಿನ ಮನೆ, ಅಂಗಳದಾಚೆ ತೆಂಗಿನ ತೋಟ, ತೋಟ ದಾಟಿದರೆ ಸಮುದ್ರ. ನಾಲ್ಕು ದಿನ ಆರಾಮವಾಗಿ ಇದ್ದು ಬರೋಣ ಅನ್ನಿಸದೆ ಇರುತ್ತದೆಯೇ?

ಖಂಡಿತ ಹೋಗಿ ಬನ್ನಿ. ಆದರೆ ಹೊರಡುವ ಮುಂಚೆ ಒಂದು ಮಾತು. ನಮಗೆ ಆರಾಮದ ಆ ನಾಲ್ಕು ದಿನ, ಆ ಮನೆಯಾಕೆಗೆ ಎಂಥ ನಾಲ್ಕು ದಿನ ಎಂದು ಯೋಚಿಸಿದ್ದೀರಾ? ನಾವು ಗೃಹಿಣಿಯರೇ. ಆರು ಜನ ನೆಂಟರು ಬಂದರೆ ಒಲೆ ಎಷ್ಟು ಹೊತ್ತು ಉರಿಯುತ್ತದೆ, ಸೊಂಟ ಎಷ್ಟು ನೋಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ನೆಂಟರ ಮನೆಯ ಹೊಸ್ತಿಲು ದಾಟಿದ ಕೂಡಲೇ ಅದನ್ನು ಮರೆತುಬಿಡುತ್ತೇವೆ. ನಿಮಗೂ ಆರಾಮ, ಅವರಿಗೂ ಆರಾಮ ಆಗುವಂತೆ ಹೋಗಿಬರುವುದು ಹೇಗೆ? ಕುಂದಾಪುರದ ಕಡೆಯ ನನ್ನ ಚಿಕ್ಕಮ್ಮನ ಮನೆಗೆ ಹೋಗಿಬಂದು ಕಂಡುಕೊಂಡ ನಾಲ್ಕು ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಯಾವಾಗ ಹೋದರೆ ಚೆನ್ನ?

ಶಾಲೆಯ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ಕರಾವಳಿಯಲ್ಲಿ ಸೆಕೆಯೂ ಆಗಲೇ. ನಮ್ಮ ಬಯಲುಸೀಮೆಯ ಬಿಸಿಲು ಸುಡುತ್ತದೆ, ನೆರಳಿಗೆ ಬಂದರೆ ತಂಪು. ಅಲ್ಲಿ ಹಾಗಲ್ಲ. ಗಾಳಿಯಲ್ಲಿ ನೀರಿನ ಪಸೆ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ನೆರಳಿನಲ್ಲಿ ಕೂತರೂ ಕುತ್ತಿಗೆ ಒದ್ದೆ. ಹಲಸು, ಮಾವು, ಗೇರುಹಣ್ಣು ಎಲ್ಲ ಸಿಗುವ ಕಾಲವೇನೋ ಹೌದು. ಆದರೆ ಮಳೆಗಾಲಕ್ಕೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿಡುವ ಕಾಲವೂ ಅದೇ. ಆ ಮನೆಯಾಕೆಗೆ ವರ್ಷದಲ್ಲೇ ಅತಿ ಹೆಚ್ಚು ಕೆಲಸ ಬೀಳುವ ತಿಂಗಳುಗಳು ಅವು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಆರ್ಭಟ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಚಿತ್ರದುರ್ಗದ ಕಡೆ 600ರ ಆಸುಪಾಸು. ವ್ಯತ್ಯಾಸ ನೀವೇ ಲೆಕ್ಕ ಹಾಕಿ! ಆಗ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಹವೆ ಹಿತವಾಗಿರುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ದಸರಾ ರಜೆಯೂ ಆದೀತು. ಬೇಸಿಗೆಯಲ್ಲೇ ಹೋಗಬೇಕಾದರೆ ಮುಂಚೆ ಫೋನು ಮಾಡಿ ಕೇಳಿ. "ಬರಲಾ?" ಎಂದು ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ಆದ್ದರಿಂದ "ಯಾವ ವಾರ ಬಂದರೆ ನಿಮಗೆ ಸಲೀಸು?" ಎಂದು ಕೇಳಿ. ಎರಡು ಪ್ರಶ್ನೆಗೂ ಬಹಳ ವ್ಯತ್ಯಾಸವಿದೆ.

ಪ್ರಯಾಣ, ಉಡುಗೊರೆ

ಶಿವಮೊಗ್ಗದ ಕಡೆಯಿಂದ ಹುಲಿಕಲ್ ಘಾಟಿ, ತೀರ್ಥಹಳ್ಳಿಯ ಕಡೆಯಿಂದ ಆಗುಂಬೆ ಘಾಟಿ. ಆಗುಂಬೆಯಲ್ಲಿ 14 ಕಡಿದಾದ ತಿರುವುಗಳಿವೆ. ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಿ ಬಸ್ಸು ಹತ್ತಿಸಬೇಡಿ. ಒಣ ಅವಲಕ್ಕಿ, ನಿಂಬೆಹಣ್ಣು ಕೈಚೀಲದಲ್ಲಿರಲಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಕರಾವಳಿಯ ಉದ್ದಕ್ಕೂ ಓಡಾಟ ಸುಲಭವಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚಿಲ್ಲ. ಆದರೆ ಉಡುಪಿ, ಕುಂದಾಪುರದ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ದುಡ್ಡು ಕೊಡಲೇಬೇಕು. ಚಿಲ್ಲರೆ ಇಟ್ಟುಕೊಂಡಿರಿ.

ಕಡಲೂರಿಗೆ ತೆಂಗಿನಕಾಯಿ, ಬಾಳೆಹಣ್ಣು ಹೊತ್ತುಕೊಂಡು ಹೋಗುವವರನ್ನು ನೋಡಿದ್ದೇನೆ! ಅಲ್ಲಿ ಬೆಳೆಯದ್ದನ್ನು ಒಯ್ಯಿರಿ. ಜೋಳದ ಹಿಟ್ಟು, ರಾಗಿ ಹಿಟ್ಟು, ಹೊಸ ತೊಗರಿಬೇಳೆ, ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ. ಇದೆಲ್ಲಕ್ಕಿಂತ ಒಳ್ಳೆಯ ಉಡುಗೊರೆ ಎಂದರೆ ಎರಡು ದಿನಕ್ಕಾಗುವಷ್ಟು ಕೈತಿಂಡಿ. ಕೋಡುಬಳೆ, ಚಕ್ಕುಲಿ ಡಬ್ಬ ತುಂಬ ಇದ್ದರೆ ನಾಲ್ಕು ಗಂಟೆಯ ಕಾಫಿಗೆ ಅವರು ಮತ್ತೆ ಬಾಣಲೆ ಇಡಬೇಕಾಗಿಲ್ಲ.

ಮೊದಲ ದಿನ ಸುಮ್ಮನಿರಿ

ಹೋದ ಕೂಡಲೇ ಬೆಲ್ಲ-ನೀರು ಕೊಟ್ಟು "ಕೂಕಣಿ" ಅನ್ನುತ್ತಾರೆ. ಕುಳಿತುಕೊಳ್ಳಿ ಎಂದರ್ಥ. ಆ ಮಾತನ್ನು ಅಕ್ಷರಶಃ ಪಾಲಿಸಿ. ಅಲ್ಲಿ ನೋಡಬೇಕು, ಇಲ್ಲಿ ನೋಡಬೇಕು ಎಂದು ಮೊದಲ ದಿನವೇ ಪಟ್ಟಿ ಬಿಚ್ಚಬೇಡಿ. ಮಧ್ಯಾಹ್ನ ಜಗಲಿಯಲ್ಲಿ ಚಾಪೆ ಹಾಸಿ ಒರಗಿದರೆ ಕಡಲ ಕಡೆಯಿಂದ ಗಾಳಿ ಬೀಸುತ್ತದೆ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದಕ್ಕೇ ಗಾಳಿ ಕಡಲಿನಿಂದ ನೆಲಕ್ಕೆ. ರಾತ್ರಿ ನೆಲ ಬೇಗ ಆರುತ್ತದೆ, ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ. ಎಂಜಿನ್ ಇಲ್ಲದ ಕಾಲದಲ್ಲಿ ಮೀನುಗಾರರು ಬೆಳಗಿನ ಗಾಳಿಗೆ ಹಾಯಿ ಬಿಚ್ಚಿ ಹೋಗಿ, ಮಧ್ಯಾಹ್ನದ ಗಾಳಿಗೆ ಮರಳಿ ಬರುತ್ತಿದ್ದರು. ಮಕ್ಕಳಿಗೆ ಇದನ್ನು ಹೇಳಿಕೊಡಿ. ಟಿ.ವಿ., ಮೊಬೈಲು ನಾಲ್ಕು ದಿನ ಹಾಗೇ ಇರಲಿ.

ಮೊದಲ ರಾತ್ರಿ ಭಾರಿ ಅಡುಗೆ ಬೇಡವೆಂದು ನೀವೇ ಹೇಳಿಬಿಡಿ. ಕುಚ್ಚಿಗೆ ಅಕ್ಕಿಯ ಗಂಜಿ, ಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ. ಪ್ರಯಾಣದಲ್ಲಿ ದಣಿದ ಹೊಟ್ಟೆಗೆ ಇದಕ್ಕಿಂತ ಹಿತ ಬೇರಿಲ್ಲ. ಬಾಯಾರಿಕೆಗೆ ಒಣಗಿಸಿದ ಪುನರ್ಪುಳಿ ಸಿಪ್ಪೆಯ ಪಾನಕ. ಉತ್ತರಕನ್ನಡದವರು ಇದನ್ನೇ ಮುರುಗಲು ಎನ್ನುತ್ತಾರೆ. ಸಿಪ್ಪೆಯನ್ನು ನೀರಿನಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ, ಸೋಸಿ, ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿದರೆ ಆಯಿತು.

ಬಾವಿಯ ನೀರು ಲೆಕ್ಕದ್ದು

ಕಡಲ ದಂಡೆಯ ಮನೆಯಲ್ಲಿ ನೀರಿಗೇನು ಬರ ಎಂದುಕೊಳ್ಳುತ್ತೇವೆ. ಬಿದ್ದ ಮಳೆಯೆಲ್ಲ ಇಳಿಜಾರಿನಲ್ಲಿ ಹರಿದು ಬೇಗ ಸಮುದ್ರ ಸೇರುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಬಾವಿಯ ನೀರು ತಳ ಕಾಣುತ್ತದೆ. ಸಿಹಿನೀರು ಇಳಿದಂತೆ ಕಡಲ ಉಪ್ಪುನೀರು ಮಣ್ಣಿನೊಳಗಿಂದ ಒಸರಿ ಬರುತ್ತದೆ. ದಂಡೆಗೆ ಹತ್ತಿರದ ಎಷ್ಟೋ ಬಾವಿಗಳ ನೀರು ಆಗ ಬಾಯಿಗಿಡಲಾಗದು. ಕುಡಿಯುವ ನೀರನ್ನು ದೂರದಿಂದ ಹೊತ್ತು ತರುವವಳು ಮನೆಯಾಕೆಯೇ.

ಮಕ್ಕಳು ಸಮುದ್ರದಿಂದ ಬಂದು ಒಬ್ಬೊಬ್ಬರು ಮೂರು ಬಕೆಟ್ ಸುರಿದುಕೊಂಡರೆ ಹೇಗಾದೀತು? ಒಂದು ಉಪಾಯವಿದೆ. ಒದ್ದೆ ಮರಳು ಅಂಟುತ್ತದೆ, ಒಣಗಿದ ಮರಳು ಉದುರುತ್ತದೆ. ದಂಡೆಯಲ್ಲೇ ಹತ್ತು ನಿಮಿಷ ಕೂರಿಸಿ ಮೈ ಆರಲು ಬಿಟ್ಟು, ಒಣ ಟವೆಲಿನಿಂದ ಕೊಡವಿ, ಆಮೇಲೆ ಮನೆಗೆ ಕರೆತನ್ನಿ. ಅರ್ಧ ನೀರು ಉಳಿಯುತ್ತದೆ, ಜಗಲಿ ಗುಡಿಸುವ ಕೆಲಸವೂ ಉಳಿಯುತ್ತದೆ. ನಾಲ್ಕು ದಿನದ ಬಟ್ಟೆಯನ್ನು ಅಲ್ಲೇ ಒಗೆದು ಮುಗಿಸುವ ಹಟ ಬೇಡ, ಊರಿಗೆ ತಂದು ಒಗೆಯಿರಿ.

ಕಾವಲಿಯ ಮುಂದೆ ಸರದಿ

ನೀರುದೋಸೆ ತಿನ್ನದೆ ಯಾರೂ ಹಿಂದಿರುಗುವುದಿಲ್ಲ. ಮಾಡುವ ಕ್ರಮ ಇಷ್ಟೆ. ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಅರ್ಧ ಲೋಟ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ತೆಳು ಮಜ್ಜಿಗೆಯಂತೆ ನೀರಾಗಿಸಿ. ಕಾವಲಿ ಚೆನ್ನಾಗಿ ಕಾದಿರಬೇಕು. ಎಣ್ಣೆ ಸವರಿ, ಅಂಚಿನಿಂದ ಒಳಕ್ಕೆ ಹಿಟ್ಟು ಹೊಯ್ದು, ಮುಚ್ಚಿ ಬೇಯಿಸಿ. ಮಗುಚಬೇಡಿ, ಮಡಿಸಿ ತೆಗೆಯಿರಿ. ಹಿಟ್ಟು ತಳಕ್ಕೆ ಇಳಿಯುವುದರಿಂದ ಪ್ರತಿ ಸಲವೂ ಕಲಕಬೇಕು. ದೋಸೆ ಹರಿದರೆ ನೀರು ಹೆಚ್ಚಾಗಿದೆ ಎಂದರ್ಥ, ಒಂದೆರಡು ಚಮಚ ಅಕ್ಕಿಹಿಟ್ಟು ಬೆರೆಸಿ. ಕಾಯಿತುರಿ-ಬೆಲ್ಲ ಜೊತೆಗಿದ್ದರೆ ಮಕ್ಕಳು ಲೆಕ್ಕ ಇಡುವುದಿಲ್ಲ.

ಆ ಲೆಕ್ಕ ಇಡುವವಳು ಕಾವಲಿಯ ಮುಂದೆ ನಿಂತವಳು! ನೀರುದೋಸೆ ಬಿಸಿ ಬಿಸಿಯಾಗಿ ಒಂದೊಂದೇ ಬಡಿಸುವಂಥದ್ದು. ಎಂಟು ಜನಕ್ಕೆ ಐದೈದು ಎಂದರೆ ನಲವತ್ತು ದೋಸೆ. ಆಕೆ ಕೂತು ತಿನ್ನುವುದು ಕೊನೆಗೆ, ಉಳಿದ ಹಿಟ್ಟಿನಲ್ಲಿ. ಆದ್ದರಿಂದ ಸರದಿ ಹಾಕಿಕೊಳ್ಳಿ. ಮೊದಲ ಹತ್ತು ಅವರು, ಮುಂದಿನ ಹತ್ತು ನೀವು, ಆಮೇಲೆ ದೊಡ್ಡ ಮಗಳು. "ಅಯ್ಯೋ, ನೀವೆಂತಕ್ಕೆ, ನೆಂಟರು!" ಅಂದೇ ಅನ್ನುತ್ತಾರೆ. ಕೇಳಬೇಡಿ. ಸೌಟು ಕೈಯಿಂದ ತೆಗೆದುಕೊಂಡು, ಅವರಿಗೆ ತಟ್ಟೆ ಹಾಕಿ ಕೂರಿಸಿ. ಪತಿರಾಯರೂ ಕಾಯಿ ತುರಿಯಬಹುದು, ಲೋಟ ತೊಳೆಯಬಹುದು. ರಜೆಯಲ್ಲಿ ಇದನ್ನೆಲ್ಲ ಕಲಿಯಲು ಗಂಡಸರಿಗೆ ಬಿಡುವಿರುತ್ತದೆ.

ಮನೆಯಾಕೆಯನ್ನೂ ದಂಡೆಗೆ ಕರೆದೊಯ್ಯಿರಿ

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಚಿಕ್ಕಮ್ಮನ ಅಡುಗೆಮನೆಗೆ ಅಲೆಯ ಸದ್ದು ಹಗಲಿರುಳು ಕೇಳಿಸುತ್ತದೆ. ಒಂದು ಬೇಸಿಗೆಯಲ್ಲಿ "ನೀವು ಸಮುದ್ರಕ್ಕೆ ಹೋಗಿ ಎಷ್ಟು ದಿನ ಆಯ್ತು?" ಎಂದು ಸುಮ್ಮನೆ ಕೇಳಿದೆ. ಅವರು ಸೌಟು ಹಿಡಿದೇ ಯೋಚಿಸಿದರು. ಹಿಂದಿನ ವರ್ಷ ಯಾರೋ ನೆಂಟರ ಮಗು ದಂಡೆಯಲ್ಲಿ ಚಪ್ಪಲಿ ಬಿಟ್ಟು ಬಂದಿತ್ತಂತೆ, ಅದನ್ನು ಹುಡುಕಿ ತರಲು ಹೋದದ್ದೇ ಕೊನೆ! "ಸಮುದ್ರ ಎಲ್ಲಿಗ್ ಹೋತ್ ಮಾರಾಯ್ತಿ? ಮತ್ತೊಂದ್ ದಿನ ಹೋಪ," ಎಂದು ನಕ್ಕು ಸಾರಿಗೆ ಒಗ್ಗರಣೆ ಹಾಕಿದರು.

ಕಾರಣವೂ ಸರಳ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲರ ಸುಮಾರಿಗೆ. ದೇವರಿಗೆ ದೀಪ ಹಚ್ಚುವ ಹೊತ್ತು ಅದೇ, ರಾತ್ರಿಯ ಅನ್ನಕ್ಕೆ ಎಸರಿಡುವ ಹೊತ್ತೂ ಅದೇ. ನೋಡಲು ನಾವು ನೂರಾರು ಮೈಲಿಯಿಂದ ಬರುವ ಆ ಅರ್ಧ ಗಂಟೆ, ಅಲ್ಲೇ ಇರುವ ಹೆಂಗಸಿನ ಪಾಲಿಗೆ ಅಡುಗೆಮನೆಯಲ್ಲೇ ಕಳೆಯುತ್ತದೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಇದು ಹೊಸದಲ್ಲ. ಕೋಟದ ಬಳಿಯ ಕೋಡಿಯ ಆ ಸಂಸಾರದಲ್ಲಿ ಪಾರೋತಿ, ಸರಸೋತಿ, ನಾಗವೇಣಿಯರ ದುಡಿಮೆಯೇ ಮನೆಯನ್ನು ಹೊತ್ತು ನಿಂತದ್ದು. ಈಗ ಗ್ಯಾಸು ಬಂದಿದೆ, ಮಿಕ್ಸಿ ಬಂದಿದೆ. ಆದರೆ ಸಂಜೆಯ ಆ ಅರ್ಧ ಗಂಟೆ ಬಿಡುವು ಮಾತ್ರ ತಾನಾಗಿ ಬಂದಿಲ್ಲ, ಯಾರಾದರೂ ಮಾಡಿಕೊಡಬೇಕು.

ಆ 'ಯಾರಾದರೂ' ನೀವಾಗಿ. ಒಂದು ದಿನ ಮಧ್ಯಾಹ್ನವೇ ಸಾರು, ಪಲ್ಯ ಮುಗಿಸಿಡಿ. ರಾತ್ರಿಗೆ ಅನ್ನ ಮಾತ್ರ ಸಾಕು. ದೀಪಕ್ಕೆ ಬತ್ತಿ ಹೊಸೆದಿಟ್ಟು, ಮನೆಯಲ್ಲಿರುವ ಹಿರಿಯರಿಗೆ ಹಚ್ಚಲು ಹೇಳಿ. ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಐದೂವರೆಗೆ ಹೊರಟುಬಿಡಿ. ನಾವು ಹಾಗೆ ಚಿಕ್ಕಮ್ಮನನ್ನು ಹೊರಡಿಸಿದೆವು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲುದ್ದದ ನೀರಲ್ಲಿ ನಿಂತರು. ಅರ್ಧ ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ. ಸಂಜೆ ಆಗದಿದ್ದರೆ ಬೆಳಿಗ್ಗೆ ಹಾಲು ಬರುವ ಮುಂಚೆ ಹೋಗಿಬನ್ನಿ, ಆಗ ದಂಡೆ ಇನ್ನೂ ತಂಪು.

ವಾಹನದ ಅನುಕೂಲವಿದ್ದರೆ ಒಂದು ದಿನ ಮರವಂತೆಗೂ ಎಲ್ಲರೂ ಒಟ್ಟಿಗೆ ಹೋಗಿ. ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ನಾವು! ಅಲೆ ತಡೆಯಲು ಹಾಕಿದ ಬಂಡೆಗಳ ಮೇಲೆ ಮಾತ್ರ ಯಾರೂ ಹತ್ತಬಾರದು, ಪಾಚಿ ಜಾರುತ್ತದೆ.

ನೀರಿಗೆ ಇಳಿಯುವ ಮುನ್ನ

ಕೆರೆಯಲ್ಲಿ ಈಜು ಕಲಿತವರಿಗೂ ಕಡಲು ಬೇರೆಯೇ. ಈ ಮಾತುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಉಬ್ಬರ-ಇಳಿತ ದಿನಕ್ಕೆ ಎರಡೆರಡು ಸಲ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿನ್ನೆಯ ಹೊತ್ತು ಇಂದಿಗಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು.

ಎರಡೂ ಕಡೆ ಅಲೆ ಒಡೆಯುತ್ತಿದ್ದು, ನಡುವೆ ಒಂದು ಕಡೆ ಮಾತ್ರ ಶಾಂತವಾಗಿ ಕಂಡರೆ ಅಲ್ಲಿಗೆ ಇಳಿಯಬೇಡಿ. ದಂಡೆಗೆ ಬಂದ ನೀರು ಹಿಂದಕ್ಕೆ ಸೆಳೆದುಕೊಂಡು ಹೋಗುವ ದಾರಿ ಅದಾಗಿರಬಹುದು. ಸೆಳೆತಕ್ಕೆ ಸಿಕ್ಕವರು ಎದುರಾಗಿ ಈಜಿ ದಣಿಯಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದ ಕಡೆ ತಿರುಗಬೇಕು. ಈಜಲು ಬಾರದವರು ಕೈಯೆತ್ತಿ ಕೂಗಿ, ತೇಲಿಕೊಂಡಿರಲು ನೋಡಬೇಕು. ದಡದಲ್ಲಿದ್ದವರು ಹಿಂದೆಯೇ ಹಾರದೆ ಹಗ್ಗವನ್ನೋ ತೇಲುವ ಖಾಲಿ ಕ್ಯಾನನ್ನೋ ಎಸೆದು, ಮೀನುಗಾರರನ್ನು ಕೂಗಿ ಕರೆಯಬೇಕು.

ಎಲ್ಲಕ್ಕಿಂತ ಮೊದಲು, ಆ ಊರಿನವರನ್ನು ಕೇಳಿ. ಅವರು ಬೇಡ ಎಂದರೆ ಬೇಡ. ಮೊಣಕಾಲುದ್ದದ ನೀರೇ ನಮ್ಮಂಥವರಿಗೆ ಸಾಕಷ್ಟು ಸಮುದ್ರ.

ಹೊರಡುವ ದಿನ

ಹಾಸಿಗೆ ಬಟ್ಟೆ ಮಡಿಸಿಡಿ, ಮಲಗಿದ್ದ ಕೋಣೆ ಗುಡಿಸಿ. ನೆಂಟಸ್ತಿಕೆಯ ಮನೆಯಲ್ಲಿ ದುಡ್ಡು ಕೊಡುವುದು ಮುಜುಗರ, ನಿಜ. ಆದರೆ ಎರಡನೆಯ ದಿನ ತರಕಾರಿ, ಹಾಲು, ಮೀನು ತಿನ್ನುವವರಾದರೆ ಬಂಗುಡೆಯ ಬುಟ್ಟಿ ಬಂದಾಗ ನೀವೇ ಮುಂದಾಗಿ ಕೊಳ್ಳುವುದಕ್ಕೆ ಯಾವ ಮುಜುಗರವೂ ಇಲ್ಲ. ಅವರು ಕಟ್ಟಿಕೊಟ್ಟ ಹಪ್ಪಳದ ಕಟ್ಟನ್ನು ಬೇಡವೆನ್ನದೆ ತೆಗೆದುಕೊಳ್ಳಿ. ಅದರ ಹಿಂದೆ ಎಷ್ಟು ಬಿಸಿಲಿದೆ ಎಂದು ನಿಮಗೆ ಗೊತ್ತು.

ಕೊನೆಯದಾಗಿ, "ನಮ್ಮನೆಗೂ ಒಮ್ಮೆ ಬನ್ನಿ" ಎಂದು ಬಾಯಿಮಾತಿಗೆ ಹೇಳಿ ಬರಬೇಡಿ. ತಿಂಗಳು, ತಾರೀಖು ಗೊತ್ತುಮಾಡಿ, ಸಾಧ್ಯವಾದರೆ ಬಸ್ಸಿನ ಸೀಟನ್ನೂ ನೀವೇ ಮಾಡಿಸಿ. ಅವರು ಬಂದಾಗ ನಾಲ್ಕು ದಿನ ಅಡುಗೆಮನೆಯ ಹೊಸ್ತಿಲು ದಾಟಗೊಡಬೇಡಿ. ನಿಮ್ಮೂರಲ್ಲಿ ಕಡಲಿಲ್ಲದಿದ್ದರೇನು, ಕೆರೆ ಏರಿ ಇದೆ, ಸಂಜೆಯ ಗಾಳಿ ಇದೆ, ಕೂತು ಮಾತಾಡಲು ನೀವಿದ್ದೀರಿ.

ಹೋಗಿ ಬನ್ನಿ. ರಜೆ ಸುಖವಾಗಿರಲಿ, ದೋಸೆ ಬಿಸಿಯಾಗಿರಲಿ, ಬಾವಿಯ ನೀರು ಮಾತ್ರ ಹಿತಮಿತವಾಗಿರಲಿ!