ಷಡ್ಜಕ್ಕಾಗಿ ಕಾಯುವ ಕಿವಿ

ಹಿಂದೂಸ್ತಾನಿ ಸಂಗೀತದ ಮಾರವಾ, ಪೂರಿಯಾ, ಸೋಹನಿ ಈ ಮೂರೂ ರಾಗಗಳಿಗೆ ಇರುವುದು ಅವೇ ಆರು ಸ್ವರಗಳು: ಷಡ್ಜ, ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ. ಪಂಚಮಕ್ಕೆ ಮೂರರಲ್ಲೂ ಜಾಗವಿಲ್ಲ. ಹಾರ್ಮೋನಿಯಂ ಮನೆಗಳನ್ನು ಎಣಿಸಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಸಿಗದು. ಹಾಡಿದಾಗ ಮಾತ್ರ ಮೂರೂ ಬೇರೆ ಬೇರೆ. ಮಾರವಾದಲ್ಲಿ ನೆಲೆ ಸಿಗದ ತಳಮಳ, ಪೂರಿಯಾದಲ್ಲಿ ತಗ್ಗಿದ ದನಿಯ ಗಾಂಭೀರ್ಯ, ಸೋಹನಿಯಲ್ಲಿ ಮಿಂಚಿ ಮೇಲೇರುವ ಚಾಂಚಲ್ಯ. ಕರ್ನಾಟಕ ಸಂಗೀತ ಕೇಳುವವರಿಗೆ ಹಂಸಾನಂದಿ ಇದೇ ಸ್ವರಗಳ ನಂಟ. ಸಾಮಗ್ರಿ ಒಂದೇ ಆಗಿರುವಾಗ ಭಾವ ಮೂರಾಗುವುದಾದರೂ ಹೇಗೆ? ನಮಗೆ ಮೆಚ್ಚಿನ ಸಂಗೀತ ನಮ್ಮನ್ನು ಯಾಕೆ ಕಲಕುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನ್ನ ನಂಬಿಕೆ. ಕಲಕುವುದು ಸ್ವರವಲ್ಲ, ಸ್ವರಕ್ಕಾಗಿ ಕಾಯುವಂತೆ ಮಾಡುವ ಬಗೆ. ಆ ಕಾಯುವಿಕೆಯನ್ನು ಕಿವಿ ಕೇಳಿ ಕೇಳಿಯೇ ಕಲಿಯಬೇಕು.

ಈ ಮಾತನ್ನು ಒರೆಗೆ ಹಚ್ಚಲು ನವಿ ಮುಂಬಯಿಯ ನೆರೂಳದಂಥ ಊರು ತಕ್ಕ ಜಾಗ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಕಟ್ಟಿದ ನವಿ ಮುಂಬಯಿಯಲ್ಲಿ ಕರಾವಳಿಯವರೂ ಇದ್ದಾರೆ, ಧಾರವಾಡ, ಬೆಳಗಾವಿ ಕಡೆಯವರೂ, ಹಳೇ ಮೈಸೂರಿನವರೂ ಇದ್ದಾರೆ. ಒಬ್ಬರ ಮನೆಯಲ್ಲಿ ಯಕ್ಷಗಾನದ ಭಾಗವತಿಕೆ, ಇನ್ನೊಬ್ಬರಲ್ಲಿ ಖಯಾಲ್, ಮತ್ತೊಬ್ಬರಲ್ಲಿ ತ್ಯಾಗರಾಜರ ಕೀರ್ತನೆ. ಇವೆಲ್ಲದರ ಸುತ್ತ ಮರಾಠಿ ಅಭಂಗ. ಹಾರ್ಬರ್ ಲೈನ್ ಹಿಡಿದು ವಾಶಿಗೆ ಹೋದರೆ ವಿಷ್ಣುದಾಸ ಭಾವೆ ನಾಟ್ಯಗೃಹ, ಖಾಡಿ ದಾಟಿದರೆ ಚೆಂಬೂರಿನ ಫೈನ್ ಆರ್ಟ್ಸ್ ಸೊಸೈಟಿ, ಕಿಂಗ್ಸ್ ಸರ್ಕಲ್‌ನ ಷಣ್ಮುಖಾನಂದ ಸಭಾ. ಒಂದೇ ರಾಗವನ್ನು ಎರಡು ಪದ್ಧತಿಗಳಲ್ಲಿ ಕೇಳಿದ ಕಿವಿಗಳು ಇಲ್ಲಿ ಅಪರೂಪವಲ್ಲ.

ಮಾರವಾ ರಾಗವನ್ನೇ ಹತ್ತಿರದಿಂದ ನೋಡೋಣ. ಹೊತ್ತು ಮುಳುಗುವ ವೇಳೆಯ ರಾಗ ಅದು. ಪಂಚಮ ವರ್ಜ್ಯವಾದ್ದರಿಂದ ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ನಿಷಾದಕ್ಕೋ ಧೈವತಕ್ಕೋ ಕೂಡಿಸುತ್ತಾರೆ. ಉಳಿದ ತಂತಿಗಳಲ್ಲಿ ಷಡ್ಜ ಎಡೆಬಿಡದೆ ಮೊಳಗುತ್ತಿರುತ್ತದೆ. ಗಾಯಕ ಮಾತ್ರ ಆ ಷಡ್ಜಕ್ಕೆ ಬರುವುದೇ ಇಲ್ಲ. ಮಂದ್ರದ ಧೈವತದಲ್ಲಿ ನಿಂತು, ನಿಷಾದ ಮುಟ್ಟಿ, ಷಡ್ಜವನ್ನು ಹಾರಿಸಿ ನೇರ ಕೋಮಲ ರಿಷಭಕ್ಕೆ ಏರುತ್ತಾನೆ. ಅಲ್ಲೇ ನಿಲ್ಲುತ್ತಾನೆ. ಷಡ್ಜಕ್ಕೆ ಮೈತಾಗಿಕೊಂಡೇ ಇರುವ ಆ ರಿಷಭ ಕೆಳಗೆ ಜಾರಿ ನೆಲೆಗಾಣಬೇಕೆಂದು ಕಿವಿ ಹಂಬಲಿಸುತ್ತದೆ. ಗಾಯಕ ಮತ್ತೆ ಧೈವತಕ್ಕೆ ಹೊರಳುತ್ತಾನೆ. ಹೀಗೆ ಎಷ್ಟೋ ಹೊತ್ತು ಸತಾಯಿಸಿ ಕೊನೆಗೊಮ್ಮೆ ಷಡ್ಜಕ್ಕೆ ಇಳಿದಾಗ ಸಭೆಯಲ್ಲಿ ಒಂದು ಉಸಿರು ಒಟ್ಟಿಗೇ ಹೊರಬೀಳುತ್ತದೆ. ಉಸ್ತಾದ್ ಅಮೀರ್ ಖಾನರ ಹೆಸರಾಂತ ಮಾರವಾ ಧ್ವನಿಮುದ್ರಿಕೆಯ ಶಕ್ತಿಯೂ ಇದೇ. ಅವರು ಅವಸರಿಸುವುದೇ ಇಲ್ಲ. ಪೂರಿಯಾದಲ್ಲಿ ಒತ್ತು ಗಾಂಧಾರ, ನಿಷಾದಗಳಿಗೆ ಸರಿಯುತ್ತದೆ, ಸಂಚಾರ ಕೆಳಸ್ಥಾಯಿಗೆ ಇಳಿಯುತ್ತದೆ. ಸೋಹನಿ ತಾರ ಷಡ್ಜಕ್ಕೆ ಬೇಗನೆ ಚಿಮ್ಮಿ ಅಲ್ಲೇ ಆಡುತ್ತದೆ. ಬೇಡಿದ್ದು ಬೇಗ ಸಿಕ್ಕಿದ್ದರಿಂದಲೇ ಅದಕ್ಕೆ ಆ ಲವಲವಿಕೆ.

ಕಲಕುವುದು ಕಾಯುವಿಕೆಯೇ ಎಂಬ ಮಾತಿಗೆ ಮೊದಲ ಆಕ್ಷೇಪ ಸಾಹಿತ್ಯದ ಕಡೆಯಿಂದ ಬರುತ್ತದೆ. ನಮ್ಮನ್ನು ಕಲಕುವುದು ರಾಗವಲ್ಲ, ಪುರಂದರದಾಸರ ಮಾತು, ನಾಮದೇವರ ಭಕ್ತಿ ಎನ್ನುವವರಿದ್ದಾರೆ. ಮಾತಿನ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭೀಮಸೇನ ಜೋಶಿಯವರನ್ನು ನೆನೆಯಿರಿ. ಗದಗ ನೆಲದ ಈ ಮಹಾನುಭಾವ ಕನ್ನಡದಲ್ಲಿ ದಾಸವಾಣಿ, ಮರಾಠಿಯಲ್ಲಿ ಸಂತವಾಣಿ ಎರಡನ್ನೂ ಹಾಡಿದರು. ರಾಮ ಫಾಟಕ್ ಸ್ವರ ಸಂಯೋಜಿಸಿದ ನಾಮದೇವರ ‘ತೀರ್ಥ ವಿಠ್ಠಲ’ ಅಭಂಗವನ್ನು ಮರಾಠಿ ಅರೆಬರೆ ಬರುವ ಕನ್ನಡಿಗರೂ ಕಣ್ಣು ತುಂಬಿ ಕೇಳುತ್ತಾರೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ಕ್ಕೆ ಕನ್ನಡ ಬಾರದವರೂ ತಲೆದೂಗುತ್ತಾರೆ. ಇಲ್ಲಿ ದಾಟಿ ಬಂದದ್ದು ಮಾತಿನ ಅರ್ಥವಲ್ಲ, ಪಲ್ಲವಿ ಮರಳಿ ಬರುವ ರೀತಿ. ಆ ಅಭಂಗದಲ್ಲಿ ವಿಠ್ಠಲನ ಹೆಸರು ಸಾಲು ಸಾಲಿಗೂ ಬರುತ್ತದೆ. ಮುಂದೆ ಏನು ಬರುತ್ತದೆಂದು ಕೇಳುಗನಿಗೆ ಗೊತ್ತು, ಹೇಗೆ ಬರುತ್ತದೆಂದು ಗೊತ್ತಿಲ್ಲ. ಅಹೀರ್ ಭೈರವದ ಕೋಮಲ ರಿಷಭ ಪ್ರತಿ ಸಲವೂ ಆ ಹೆಸರಿಗೆ ಹೊಸ ದಾರಿ ತೋರಿಸುತ್ತದೆ. ಹಾಗೆಂದು ಇದು ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಸಂದ ಗುಣವಲ್ಲ. 2025ರ ಜನವರಿಯಲ್ಲಿ ನೆರೂಳದ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ರಾಕ್ ತಂಡ ಕೋಲ್ಡ್‌ಪ್ಲೇ ಹಾಡಿದಾಗ ಜನಸಾಗರ ದನಿಗೂಡಿಸಿದ್ದು ಬಾಯಿಪಾಠವಾಗಿದ್ದ ಹಾಡುಗಳಿಗೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾಯುವುದಕ್ಕೆ ಪರಿಚಯ ಬೇಕು ಎನ್ನುವುದಾದರೆ, ಯಾರೂ ಕೇಳರಿಯದ ರಾಗ ಕೇಳುಗರನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ? ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಈ ಪ್ರಶ್ನೆಯನ್ನು ಜೀವಮಾನವಿಡೀ ಎತ್ತುತ್ತಲೇ ಬಂದರು. ಮೊದಲು ನೀಲಕಂಠ ಬುವಾ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಕಲಿತು, ಜೈಪುರ ಘರಾಣೆಯ ಅಪ್ರಚಲಿತ ರಾಗಗಳನ್ನು, ಎರಡು ರಾಗ ಹೆಣೆದ ಜೋಡರಾಗಗಳನ್ನು ಹಾಡಿದವರು ಅವರು. ಉತ್ತರ ಅವರ ಹಾಡಿಕೆಯಲ್ಲೇ ಇದೆ. ಅವರು ಉದ್ದ ಆಲಾಪದಲ್ಲಿ ಹೊತ್ತು ಕಳೆಯದೆ ಬೇಗ ಬಂದಿಶ್‌ಗೆ ಬರುತ್ತಿದ್ದರು. ತೀನ್‌ತಾಲದ ಹದಿನಾರು ಮಾತ್ರೆ ಸುತ್ತಿ ಬಂದಾಗ ಬಂದಿಶ್‌ನ ಮೊದಲ ನುಡಿಯಾದ ಮುಖಡಾ ‘ಸಮ್’ ಮೇಲೆ, ಅಂದರೆ ಆವರ್ತನದ ಮೊದಲ ಮಾತ್ರೆಯ ಮೇಲೆ, ಬಂದು ಬೀಳಬೇಕು. ಒಂದೆರಡು ಆವರ್ತನ ಕಳೆಯುವಷ್ಟರಲ್ಲಿ ರಾಗದ ಹೆಸರೂ ಗೊತ್ತಿಲ್ಲದವನ ತಲೆ ಸಮ್‌ಗಾಗಿ ಕಾಯತೊಡಗುತ್ತದೆ. ಬಸಂತಿ ಕೇದಾರದಂಥ ರಾಗದಲ್ಲಿ ಇನ್ನೂ ಒಂದು ಸೊಗಸು: ಬಸಂತ್, ಕೇದಾರ ಎರಡೂ ಬಲ್ಲ ಕಿವಿಗೆ ಒಂದರ ದಾರಿ ಹಿಡಿದೆವು ಎನ್ನುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಅಂದರೆ ಪರಿಚಯ ಕಛೇರಿಗೆ ಮೊದಲೇ ಇರಬೇಕೆಂದೇನಿಲ್ಲ, ದೊಡ್ಡ ಕಲಾವಿದ ಅದನ್ನು ಕಛೇರಿಯಲ್ಲೇ ಕಟ್ಟಿಕೊಡುತ್ತಾನೆ. ಶಾಸ್ತ್ರೀಯ ಸಂಗೀತ ತಮಗೆ ಅರ್ಥವಾಗುವುದಿಲ್ಲ ಎಂದು ದೂರ ಉಳಿಯುವವರಿಗೆ ನಾನು ಮೊದಲು ತೋರಿಸುವುದು ಮನಸೂರರನ್ನೇ.

ದನಿಯ ಇಂಪೇ ಎಲ್ಲ ಎನ್ನುವವರಿಗೆ ಗಂಗೂಬಾಯಿ ಹಾನಗಲ್ ಸಾಕ್ಷಿ. ಅವರ ಮೊದಲ ಧ್ವನಿಮುದ್ರಿಕೆಗಳಲ್ಲಿ ಎಳೆಯ, ಎತ್ತರದ ಕಂಠ ಕೇಳುತ್ತದೆ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಆಳಕ್ಕೆ ಇಳಿಯಿತು. ರಾಗವನ್ನು ನಿಧಾನವಾಗಿ ಬೆಳೆಸುವ ಕಿರಾನಾ ಘರಾಣೆಯ ಬಢತ್ ಬದಲಾಗಲಿಲ್ಲ, ಕೇಳುಗರ ಪ್ರೀತಿಯೂ ಕುಂದಲಿಲ್ಲ.

ವಿಜ್ಞಾನವೂ ಈ ಕಡೆಗೇ ಕೈ ತೋರುತ್ತದೆ. 2011ರಲ್ಲಿ ಪ್ರಕಟವಾದ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಜನರಿಗೆ ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸಲಾಯಿತು. ಮೈನವಿರೇಳುವ ಕ್ಷಣದಲ್ಲಿ ಮೆದುಳಿನಲ್ಲಿ ಡೋಪಮೈನ್ ಬಿಡುಗಡೆಯಾದದ್ದು ಸರಿ. ಅದಕ್ಕೂ ಮುಂಚೆ, ಆ ಕ್ಷಣ ಬರಲಿದೆ ಎಂಬ ನಿರೀಕ್ಷೆಯಲ್ಲೇ, ಮೆದುಳಿನ ಬೇರೊಂದು ಭಾಗದಲ್ಲಿ ಅದು ಹೊಮ್ಮತೊಡಗಿತ್ತು. ಇದಕ್ಕೆ ಎದುರಾಗಿ 1999ರ ಇನ್ನೊಂದು ಅಧ್ಯಯನವನ್ನು ಮುಂದಿಡಬಹುದು: ಹಿಂದೂಸ್ತಾನಿ ಪರಿಚಯವಿಲ್ಲದ ಪಾಶ್ಚಾತ್ಯ ಕೇಳುಗರೂ ರಾಗಗಳ ಸಂತೋಷ, ದುಃಖ, ಕೋಪಗಳನ್ನು ಸುಮಾರಾಗಿ ಗುರುತಿಸಿದರು. ಗತಿ ಚುರುಕೋ ನಿಧಾನವೋ, ಎಳೆ ಸರಳವೋ ಜಟಿಲವೋ ಎಂಬುದು ಎಲ್ಲ ಮನುಷ್ಯರಿಗೂ ಒಂದಿಷ್ಟು ಹೇಳುತ್ತದೆ ಎಂದು ಒಪ್ಪಬೇಕು. ಆದರೆ ದುಃಖದ ರಾಗವೆಂದು ಗುರುತಿಸುವುದು ಬೇರೆ, ಆ ದುಃಖ ತನ್ನದಾಗುವುದು ಬೇರೆ. ಅಬ್ದುಲ್ ಕರೀಂ ಖಾನರ ಮೂರು ನಿಮಿಷದ ರೆಕಾರ್ಡು ಕೇಳಿ 1933ರಲ್ಲಿ ಹನ್ನೊಂದರ ಬಾಲಕ ಭೀಮಸೇನ ಗುರುವನ್ನು ಹುಡುಕಿ ಮನೆ ಬಿಟ್ಟದ್ದನ್ನು ಮೊದಲ ಕೇಳ್ಮೆಯ ಪವಾಡವೆಂಬಂತೆ ಹೇಳುವುದುಂಟು. ತಾಯಿಯ ಭಜನೆ ಕೇಳಿ ಬೆಳೆದು, ಹಾಡು ಕೇಳಿದಲ್ಲೆಲ್ಲ ಬೆನ್ನು ಹತ್ತುತ್ತಿದ್ದ ಹುಡುಗನ ಕಿವಿ ಆ ರೆಕಾರ್ಡಿಗೆ ಎಂದೋ ಸಿದ್ಧವಾಗಿತ್ತು.

ರೂಢಿ ಭಾವವನ್ನು ಎಷ್ಟರಮಟ್ಟಿಗೆ ಕಟ್ಟಬಲ್ಲದು ಎಂಬುದಕ್ಕೆ ಕಛೇರಿಯ ಮುಕ್ತಾಯವೇ ಪುರಾವೆ. ಭೈರವಿ ಶಾಸ್ತ್ರದ ಪ್ರಕಾರ ಬೆಳಗಿನ ರಾಗ. ಆದರೂ ಹಿಂದೂಸ್ತಾನಿ ಕಛೇರಿ ರಾತ್ರಿ ಹತ್ತಕ್ಕೆ ಮುಗಿದರೂ ಕೊನೆಗೆ ಬರುವುದು ಭೈರವಿಯೇ. ಅದರ ಮೊದಲ ಎಳೆಗೇ ಸಭೆಗೆ ವಿದಾಯದ ನೋವು ತಟ್ಟುತ್ತದೆ. ಕರ್ನಾಟಕ ಸಂಗೀತದಲ್ಲಿ ಆ ಸ್ವರಗಳೇ ತೋಡಿ. ಅಲ್ಲಿ ಅದು ಕಛೇರಿಯ ನಡುವೆ ವಿಸ್ತಾರವಾಗಿ ಹಾಡುವ ದೊಡ್ಡ ರಾಗ, ವಿದಾಯದ ಸುಳಿವೇ ಅದರಲ್ಲಿಲ್ಲ. ಕರ್ನಾಟಕ ಕಛೇರಿಯ ಮಂಗಳಕ್ಕೆ ಒದಗುವ ಮಧ್ಯಮಾವತಿಯ ಸ್ವರಗಳು ಹಿಂದೂಸ್ತಾನಿಯಲ್ಲಿ ಮಧಮಾದ ಸಾರಂಗವಾಗಿ ನಡುಮಧ್ಯಾಹ್ನಕ್ಕೆ ಸಲ್ಲುತ್ತವೆ. ಷಣ್ಮುಖಾನಂದಕ್ಕೂ ವಾಶಿಗೂ ಹೋಗಿ ಬರುವ ನೆರೂಳದ ರಸಿಕರಿಗೆ ಈ ಎರಡು ವಿದಾಯಗಳೂ ತಾಗುತ್ತವೆ. ಒಂದೇ ಪದ್ಧತಿಯಲ್ಲಿ ಬೆಳೆದವರಿಗೆ ಇನ್ನೊಂದರ ವಿದಾಯ ಮೊದಮೊದಲು ಬರೀ ಚೆಂದದ ಹಾಡು, ಹತ್ತಾರು ಕಛೇರಿಗಳ ಕೊನೆಯಲ್ಲಿ ಅದನ್ನೇ ಕೇಳುವವರೆಗೆ.